ಸಾಲವನ್ನು ಕಳೆದರೆ ಉಳಿಯುವುದೇನು? ಪೂರ್ಣಾಂಕಗಳ ಸಂಕಲನ ಮತ್ತು ವ್ಯವಕಲನ

ಆರನೇ ತರಗತಿಯಲ್ಲಿ −3 − 5 ಎಷ್ಟು ಎಂದು ಕೇಳಿದರೆ +8 ಎಂಬ ಉತ್ತರ ಆಗಾಗ ಬರುತ್ತದೆ. ಹೇಗೆ ಎಂದು ವಿಚಾರಿಸಿದರೆ, "ಮೈನಸ್ ಮೈನಸ್ ಪ್ಲಸ್ ಅಲ್ವಾ ಮಿಸ್?" ಎನ್ನುತ್ತಾರೆ. ಮಕ್ಕಳು ನಿಯಮವನ್ನು ಮರೆತಿಲ್ಲ. ಅದು ಎಲ್ಲಿ ಅನ್ವಯಿಸುತ್ತದೆ ಎಂಬುದು ಅವರಿಗೆ ತಿಳಿದಿಲ್ಲ. ಅದನ್ನೇ ಮತ್ತೆ ಬಾಯಿಪಾಠ ಮಾಡಿಸಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಗೊಂದಲದ ಮೂಲ ಆ ಚಿಕ್ಕ ಗೆರೆಯಲ್ಲಿದೆ. −3 ಎಂಬಲ್ಲಿ ಅದು ಸಂಖ್ಯೆಯ ಚಿಹ್ನೆ. 7 − 5 ಎಂಬಲ್ಲಿ ಕಳೆಯುವ ಕ್ರಿಯೆ. ಎರಡನ್ನೂ 'ಮೈನಸ್' ಎಂದೇ ಓದಿದರೆ ವ್ಯತ್ಯಾಸ ಕಾಣುವುದಿಲ್ಲ. −3 − 5 ಅನ್ನು "ಋಣ ಮೂರರಿಂದ ಐದನ್ನು ಕಳೆ" ಎಂದೂ, −3 − (−5) ಅನ್ನು "ಋಣ ಮೂರರಿಂದ ಋಣ ಐದನ್ನು ಕಳೆ" ಎಂದೂ ಓದಿಸುವುದು ಮೊದಲ ಹೆಜ್ಜೆ.

ಧನ, ಋಣ ಎಂಬ ಪದಗಳೇ ನಮಗೆ ನೆರವಾಗುತ್ತವೆ. ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ರಚಿಸಿದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಧನ, ಋಣ ಮತ್ತು ಶೂನ್ಯಗಳನ್ನು ಕೂಡುವ, ಕಳೆಯುವ ನಿಯಮಗಳಿವೆ. ಧನವೆಂದರೆ ಕೈಲಿರುವ ಹಣ, ಋಣವೆಂದರೆ ಸಾಲ. 5 ರೂಪಾಯಿ ಸಾಲದಲ್ಲಿ 2 ರೂಪಾಯಿ ಮನ್ನಾ ಆದರೆ ಉಳಿಯುವುದು 3 ರೂಪಾಯಿ ಸಾಲ: (−5) − (−2) = −3. ಕೈಗೆ ಹೊಸ ಹಣ ಬರಲಿಲ್ಲ. ಆದರೂ ಸ್ಥಿತಿ ಸುಧಾರಿಸಿತು. ಕಳೆದಾಗಲೂ ಬೆಲೆ ಹೆಚ್ಚಬಹುದು ಎಂಬುದು ಇಲ್ಲಿ ಮಕ್ಕಳಿಗೆ ಹೊಳೆಯುತ್ತದೆ.

ಪಾಠೋಪಕರಣವಾಗಿ ಚೌಕಾಬಾರದಲ್ಲಿ ಬಳಸುವಂಥ, ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳು ಸಾಕು. ಗುಂಪಿಗೆ 20 ಬೀಜ ಕೊಡಿ. ಬಿಳಿ ಮುಖ +1, ಕಂದು ಮುಖ −1. ಒಂದು ಬಿಳಿ, ಒಂದು ಕಂದು ಸೇರಿದರೆ ಸೊನ್ನೆ. ಇದು 'ಸೊನ್ನೆ ಜೋಡಿ'.

ಹಂತ 1: (−3) + (−2). ಮೂರು ಕಂದು, ಎರಡು ಕಂದು ಸೇರಿ ಐದು ಕಂದು. ಉತ್ತರ −5.

ಹಂತ 2: (+5) + (−3). ಮೂರು ಸೊನ್ನೆ ಜೋಡಿಗಳನ್ನು ತೆಗೆದರೆ ಉಳಿಯುವುದು ಎರಡು ಬಿಳಿ. ಉತ್ತರ +2.

ಹಂತ 3: (−3) − (−5). ಇರುವುದು ಮೂರೇ ಕಂದು; ತೆಗೆಯಬೇಕಾದದ್ದು ಐದು. ಇಲ್ಲಿ ಮಕ್ಕಳಿಗೆ ಯೋಚಿಸಲು ಸಮಯ ಕೊಡಬೇಕು. ಎರಡು ಸೊನ್ನೆ ಜೋಡಿಗಳನ್ನು ಸೇರಿಸಿದರೆ ಬೆಲೆ ಬದಲಾಗದು, ಕಂದು ಮಾತ್ರ ಐದಾಗುತ್ತವೆ. ಐದನ್ನೂ ತೆಗೆದರೆ ಎರಡು ಬಿಳಿ ಉಳಿಯುತ್ತವೆ. ಉತ್ತರ +2.

ಹಂತ 4: (−3) − 5. ತೆಗೆಯಲು ಬಿಳಿ ಬೀಜವೇ ಇಲ್ಲ. ಐದು ಸೊನ್ನೆ ಜೋಡಿ ಸೇರಿಸಿ ಐದು ಬಿಳಿ ತೆಗೆದರೆ ಎಂಟು ಕಂದು ಉಳಿಯುತ್ತವೆ. ಉತ್ತರ −8. '+8' ಏಕೆ ತಪ್ಪು ಎಂಬುದನ್ನು ಬೀಜಗಳೇ ತೋರಿಸುತ್ತವೆ.

ಈಗ (−3) + (+5) ಮಾಡಿಸಿ. ಹಂತ 3ರ ಉತ್ತರವೇ ಮತ್ತೆ ಬರುತ್ತದೆ. ಒಂದು ಸಂಖ್ಯೆಯನ್ನು ಕಳೆಯುವುದೂ ಅದರ ಸಂಕಲನ ವಿಲೋಮವನ್ನು ಕೂಡುವುದೂ ಒಂದೇ ಎಂಬ ನಿಯಮವನ್ನು ಮಕ್ಕಳೇ ಹೇಳಲಿ. ಆಮೇಲೆ ಕಪ್ಪುಹಲಗೆಯಲ್ಲಿ ಬರೆಯೋಣ.

ಬೀಜಗಳಿಗೂ ಮಿತಿಯಿದೆ. (−48) + 125ರಂಥ ಲೆಕ್ಕಕ್ಕೆ ಸಂಖ್ಯಾರೇಖೆಯೇ ಅನುಕೂಲ. ಬೀಜಗಳಿಂದ ಅರ್ಥ ಮೂಡಿದ ಮೇಲೆ ಅದಕ್ಕೆ ಸಾಗಬಹುದು.

ಮೌಲ್ಯಮಾಪನಕ್ಕೆ −3 − 5, −3 − (−5), −3 + 5 ಈ ಮೂರೇ ಲೆಕ್ಕ ಸಾಕು. ಉತ್ತರದ ಜೊತೆಗೆ ಪ್ರತಿಯೊಂದಕ್ಕೂ ಸಾಲದ ಒಂದು ಪುಟ್ಟ ಕಥೆ ಹೇಳಿಸಿ. ಕಥೆ ಸರಿಯಿದ್ದರೆ ಪರಿಕಲ್ಪನೆ ಮೂಡಿದೆ ಎಂದು ತಿಳಿಯಬಹುದು.