ಬಿತ್ತನೆಗೆ ಮುನ್ನ ಹವೆಯ ಮೊದಲ ಪಾಠ

"ಮೃಗಶಿರಾ ಮಳೆ ಬಂತೆಂದು ಬಿತ್ತಿದೆ. ಆಮೇಲೆ ಹದಿನೈದು ದಿವಸ ಒಂದು ಹನಿ ಇಲ್ಲ. ಮೊಳೆತ ಪೈರು ಕಣ್ಣೆದುರೇ ಒಣಗಿತು." ಬಯಲುಸೀಮೆಯ ಯಾವ ಊರಿಗೆ ಹೋದರೂ ಈ ಮಾತು ಕೇಳಿಬರುತ್ತದೆ. ಹೀಗಾದಾಗ ಹಾಳಾಗುವುದು ಬೀಜವೊಂದೇ ಅಲ್ಲ; ಹಾಕಿದ ಗೊಬ್ಬರ, ಕೊಟ್ಟ ಕೂಲಿ, ಕಳೆದುಹೋದ ಹದ ಎಲ್ಲವೂ ನಷ್ಟವೇ. ಕೃಷಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಗಳು ಹವಾಮಾನಶಾಸ್ತ್ರದಲ್ಲಿ ಮೊದಲು ಕಲಿಯುವ ಕೆಲವು ಸಂಗತಿಗಳನ್ನು ರೈತರೂ ತಿಳಿದುಕೊಂಡರೆ ಇಂತಹ ನಷ್ಟವನ್ನು ಎಷ್ಟೋ ಮಟ್ಟಿಗೆ ತಪ್ಪಿಸಬಹುದು.

ಮಳೆ ಹೇಗೆ ಆಗುತ್ತದೆ?

ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಯಾವಾಗಲೂ ಇರುತ್ತದೆ. ಬಿಸಿ ಇದ್ದಷ್ಟೂ ಹೆಚ್ಚು ಆವಿಗೆ ಎಡೆಯಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಆದ್ದರಿಂದ ಗಾಳಿ ತಣ್ಣಗಾಗುತ್ತ ಹೋದರೆ ಒಂದು ಹಂತದಲ್ಲಿ ಹೆಚ್ಚಾದ ಆವಿ ನೀರಿನ ಹನಿಯಾಗಲೇಬೇಕು. ಈ ಹಂತದ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಚಳಿಗಾಲದ ಬೆಳಗಿನಲ್ಲಿ ಅವರೆ ಗಿಡದ ಮೇಲೆ ಸೊನೆಯ ಜೊತೆಗೆ ಕೂರುವ ಇಬ್ಬನಿಯೂ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದೂ ಇದೇ ಕಾರಣದಿಂದ.

ಗಾಳಿ ಮೇಲೇರಿದಾಗ ಹಿಗ್ಗಿ ತಣ್ಣಗಾಗುತ್ತದೆ. ಮೋಡ ಕಟ್ಟುವವರೆಗೆ ಪ್ರತಿ 1,000 ಮೀಟರ್ ಏರಿಕೆಗೆ ಸುಮಾರು 10 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಅರಬ್ಬೀ ಸಮುದ್ರದಿಂದ ಆವಿ ಹೊತ್ತು ಬರುವ ನೈಋತ್ಯ ಮಾರುತ ಸಹ್ಯಾದ್ರಿಗೆ ತಗುಲಿ ಮೇಲೇರುವುದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೇಲ್ಪಟ್ಟು ಮಳೆ. ಅದೇ ಗಾಳಿ ಘಟ್ಟದ ಪೂರ್ವಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಹೀಗಾಗಿ ಚಳ್ಳಕೆರೆಯ ಸೀಮೆಗೆ ದಕ್ಕುವುದು 500 ಮಿ.ಮೀ. ಆಸುಪಾಸು. ಮೋಡ ಓಡುವುದು ಕಂಡರೂ ಮಳೆ ಬಾರದಿರುವುದರ ಗುಟ್ಟು ಇಲ್ಲಿದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ರೀತಿ ಬೇರೆ. ಕಾದ ನೆಲದ ಮೇಲಿನ ಗಾಳಿ ಅಲ್ಲಲ್ಲಿ ರಭಸದಿಂದ ಮೇಲೇರಿ ಮೋಡ ಕಟ್ಟುತ್ತದೆ. ಆದ್ದರಿಂದಲೇ ಈ ಊರಿನ ಹೊಲ ತೊಯ್ದರೆ ಪಕ್ಕದೂರಿನಲ್ಲಿ ಧೂಳು ಏಳುತ್ತಿರುತ್ತದೆ.

ಮಳೆ ನಕ್ಷತ್ರಗಳ ಲೆಕ್ಕ

ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿವಸ ಇರುವ ಲೆಕ್ಕದಿಂದ ನಮ್ಮ ಹಿರಿಯರು ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳನ್ನು ಗೊತ್ತುಮಾಡಿದರು. ಇದು ಸೂರ್ಯನನ್ನು ಅನುಸರಿಸುವ ಪಂಚಾಂಗವಾದ್ದರಿಂದ ಋತುಮಾನವನ್ನು ಸರಿಯಾಗಿಯೇ ಹೇಳುತ್ತದೆ. ಆದರೆ ಈ ವರ್ಷ, ಈ ಹೊಲದಲ್ಲಿ ಎಷ್ಟು ಮಳೆ ಬಿತ್ತೆಂಬುದನ್ನು ಅದು ಹೇಳಲಾರದು. ಅದನ್ನು ಅಳೆದೇ ತಿಳಿಯಬೇಕು.

ಮಳೆ ಅಳೆಯುವ ವಿಧಾನ

ಬಾಯಿ ಮತ್ತು ತಳ ಒಂದೇ ಅಗಲವಿರುವ, ನೆಟ್ಟಗಿನ ಗೋಡೆಯ, ಸಮತಟ್ಟು ತಳದ ಒಂದು ಡಬ್ಬ ಸಾಕು. ಬಾಯಿ ಕಿರಿದಾಗಿ ಹೊಟ್ಟೆ ಅಗಲವಿರುವ ಸೀಸೆ ಬಳಸಿದರೆ ಲೆಕ್ಕ ತಪ್ಪುತ್ತದೆ. ಡಬ್ಬವನ್ನು ಬಯಲಿನಲ್ಲಿ, ಅದರ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿರುವಂತೆ, ಅಲುಗಾಡದ ಹಾಗೆ ನಿಲ್ಲಿಸಬೇಕು. ಮನೆ, ಮರಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರವಿರಬೇಕು. ದಿನವೂ ಬೆಳಿಗ್ಗೆ 8-30ಕ್ಕೆ ಒಳಗಿನ ನೀರಿನ ಆಳವನ್ನು ಅಳತೆಪಟ್ಟಿಯಿಂದ ಮಿ.ಮೀ.ಗಳಲ್ಲಿ ಅಳೆದು, ಬರೆದುಕೊಂಡು, ನೀರನ್ನು ಚೆಲ್ಲಬೇಕು. ಹವಾಮಾನ ಇಲಾಖೆಯೂ ಇದೇ ಹೊತ್ತಿಗೆ ಮಳೆ ಅಳೆಯುತ್ತದೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಾತ್ರ ಅದು ಮಳೆಯ ದಿನವೆಂದು ಎಣಿಸುತ್ತದೆ.

ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,047 ಲೀಟರ್ ನೀರು. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರಿಗೂ ಮಿಕ್ಕು! ಆದರೆ ಖರ್ಚಿನ ಕಡೆಯನ್ನೂ ನೋಡಬೇಕು. ಬಿಸಿಲು, ಗಾಳಿ ಜೋರಾಗಿರುವ ದಿನಗಳಲ್ಲಿ ತೆರೆದ ನೀರಿನಿಂದ ದಿನಕ್ಕೆ 6ರಿಂದ 8 ಮಿ.ಮೀ. ಆವಿಯಾಗಿ ಹೋಗುತ್ತದೆ. ಎಂಟು ಮಿ.ಮೀ. ಮಳೆಗೆ ನೆಲದ ಮೇಲ್ಮೈ ಕಪ್ಪಾಗಿ ಕಂಡರೂ ಅದರ ಬಹುಪಾಲು ಎರಡು-ಮೂರು ದಿನಗಳಲ್ಲಿ ಆರಿಹೋಗುತ್ತದೆ. ಇಂತಹ ಮಳೆಗೆ ಬಿತ್ತಿದ ಬೀಜ ಮೊಳೆಯಲು ಸಾಕಾಗುವ ತೇವ ಪಡೆಯುತ್ತದೆ, ಬದುಕಲು ಸಾಕಾಗುವ ತೇವ ಪಡೆಯುವುದಿಲ್ಲ.

ಆದ್ದರಿಂದ ಡಬ್ಬದ ಲೆಕ್ಕದ ಜೊತೆಗೆ ಹೊಲದ ನಾಲ್ಕಾರು ಕಡೆ ಅಗೆದು ನೋಡಬೇಕು. ಹಸಿ ಒಂದು ಗೇಣಿನಷ್ಟಾದರೂ ಇಳಿದು, ಕೆಳಗಿನ ತೇವಕ್ಕೆ ಕೂಡಿದ್ದರೆ ಮಾತ್ರ ಬಿತ್ತುವುದು ಮೇಲು. ಒಂದೇ ಪ್ರಮಾಣದ ಮಳೆ ಮರಳುಮಿಶ್ರಿತ ಕೆಂಪು ನೆಲದಲ್ಲಿ ಆಳಕ್ಕೆ ಇಳಿಯುತ್ತದೆ. ಎರೆ ನೆಲ ಹೆಚ್ಚು ನೀರು ಹಿಡಿದಿಡುವುದರಿಂದ ಅಷ್ಟು ಆಳಕ್ಕೆ ಇಳಿಯದು. ಆದುದರಿಂದ ಎರೆ ಭೂಮಿಯವರು ಹೆಚ್ಚು ಮಳೆಗಾಗಿ ಕಾಯಬೇಕಾಗುತ್ತದೆ.

ಹವೆಯ ತೇವ ಮತ್ತು ರೋಗ

ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದರೆ, ನೀರು ಆರುವಾಗ ಅದು ಕಡಿಮೆ ಉಷ್ಣತೆ ತೋರಿಸುತ್ತದೆ. ಎರಡರ ಅಂತರ ಹೆಚ್ಚಿದ್ದರೆ ಹವೆ ಒಣಗಿದೆ. ಅಂತರ ತೀರ ಕಡಿಮೆಯಾಗಿದ್ದರೆ ಹವೆಯಲ್ಲಿ ತೇವ ತುಂಬಿದೆ. ಇಂತಹ ತೇವದ ಹವೆ ದಿನಗಟ್ಟಲೆ ಮುಂದುವರಿದು ಎಲೆಗಳು ಒದ್ದೆಯಾಗಿಯೇ ಇದ್ದರೆ ಆಲೂಗಡ್ಡೆಯ ಅಂಗಮಾರಿ, ಕಡಲೆಕಾಯಿಯ ಎಲೆಚುಕ್ಕೆ, ಅಡಿಕೆಯ ಕೊಳೆರೋಗಗಳ ಬಗ್ಗೆ ಎಚ್ಚರಿಕೆ ವಹಿಸಬೇಕು.

ಹವಾಮಾನ ವರದಿಯನ್ನು ತಪ್ಪದೆ ಕೇಳಿ. ಆದರೆ ವರದಿ ಹೇಳುವುದು ಒಂದು ಪ್ರದೇಶದ ಮಾತು, ನಿಮ್ಮ ಡಬ್ಬ ಹೇಳುವುದು ನಿಮ್ಮ ಹೊಲದ ಮಾತು. ಎರಡನ್ನೂ ಹೊಂದಿಸಿ ನೋಡಿ. ಒಂದು ನೂರು ಪುಟದ ಪುಸ್ತಕದಲ್ಲಿ ತಾರೀಖು, ಮಳೆ, ಬಿತ್ತನೆ, ಇಳುವರಿ ಬರೆದಿಡಿ. ಹತ್ತು ವರ್ಷ ಕಳೆಯುವ ಹೊತ್ತಿಗೆ ನಿಮ್ಮ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಗದು.