ಬಾಸ್ ಉಜ್ಜಿದ ಗಾಜು

ಸೇಡಂ, ಚಿತ್ತಾಪುರದ ಮಾಳಿಗೆಗಳ ಮೇಲೂ ಈಗ ಆನ್‌ಲೈನ್‌ನಲ್ಲಿ ತರಿಸಿದ ಪುಟ್ಟ ಟೆಲಿಸ್ಕೋಪುಗಳು ಕಾಣುತ್ತವೆ. ಗುರುಗ್ರಹವನ್ನು ನೋಡಿದ ಹುಡುಗರ ಮೊದಲ ಪ್ರಶ್ನೆ: "ಸುತ್ತ ನೇರಳೆ ಯಾಕ ಕಾಣಸ್ತದ್ರಿ ಸರ್?"

ಗಾಜು ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಹಾಗಾಗಿ ಒಂಟಿ ಮಸೂರದಲ್ಲಿ ಬಣ್ಣಗಳೆಲ್ಲ ಒಂದೇ ಕಡೆ ಕೂಡುವುದಿಲ್ಲ. ಇದಕ್ಕೆ ಮದ್ದಿಲ್ಲವೆಂದು ನ್ಯೂಟನ್ ಮಸೂರವನ್ನೇ ಬಿಟ್ಟು ಕನ್ನಡಿ ಹಿಡಿದ. ದೊಡ್ಡವರ ಮಾತೆಂದು ಹೆಚ್ಚಿನವರು ನಂಬಿಬಿಟ್ಟರು.

ನಂಬದವನೊಬ್ಬ ಇಂಗ್ಲೆಂಡಿನ ವಕೀಲ, ಚೆಸ್ಟರ್ ಮೂರ್ ಹಾಲ್. ಕ್ರೌನ್ ಗಾಜಿನ ಪೀನ ಮಸೂರಕ್ಕೆ ಸೀಸ ಬೆರೆತ ಫ್ಲಿಂಟ್ ಗಾಜಿನ ನಿಮ್ನ ಮಸೂರ ಜೋಡಿಸಿದರೆ, ಒಂದು ಚದುರಿಸಿದ ಬಣ್ಣವನ್ನು ಇನ್ನೊಂದು ಕೂಡಿಸುತ್ತದೆಂದು ಕಂಡುಕೊಂಡ. ಗುಟ್ಟು ಹೊರಬೀಳಬಾರದೆಂದು 1733ರ ಸುಮಾರಿಗೆ ಒಂದು ಮಸೂರವನ್ನು ಮಸೂರದ ಕಸುಬುದಾರ ಎಡ್ವರ್ಡ್ ಸ್ಕಾರ್ಲೆಟ್‌ಗೆ, ಇನ್ನೊಂದನ್ನು ಅದೇ ಕಸುಬಿನ ಜೇಮ್ಸ್ ಮ್ಯಾನ್‌ಗೆ ಒಪ್ಪಿಸಿದ. ಅವರಿಬ್ಬರೂ ಆ ಕೆಲಸವನ್ನು ದಾಟಿಸಿದ್ದು ಜಾರ್ಜ್ ಬಾಸ್ ಎಂಬ ಒಬ್ಬನೇ ಕಸುಬುದಾರನಿಗೆ! ಅಳತೆ ಒಂದೇ, ಗಿರಾಕಿಯೂ ಒಬ್ಬನೇ. ಬಾಸ್‌ಗೆ ಗುಟ್ಟು ಹೊಳೆಯಿತಂತೆ.

ಅವನಿಂದ ಸುಳಿವು ಸಿಕ್ಕಿದ್ದು ಜಾನ್ ಡಾಲಂಡ್‌ಗೆ. ಮೊದಲು ರೇಷ್ಮೆ ನೇಯುತ್ತಿದ್ದವನು, 1758ರಲ್ಲಿ ಆ ಜೋಡಿ ಮಸೂರಕ್ಕೆ ಪೇಟೆಂಟ್ ಪಡೆದ. ಅವನು ತೀರಿಕೊಂಡ ಮೇಲೆ ಮಗ ಪೀಟರ್ ಉಳಿದ ಕಸುಬುದಾರರನ್ನು ಕೋರ್ಟಿಗೆಳೆದ. 1764ರಲ್ಲಿ 35 ಮಂದಿ ಪೇಟೆಂಟ್ ರದ್ದುಮಾಡಿ ಎಂದು ಅರ್ಜಿ ಹಾಕಿದರು, ನಡೆಯಲಿಲ್ಲ. ಕಂಡುಹಿಡಿದು ಬಚ್ಚಿಟ್ಟವನಿಗಿಂತ ಜನರಿಗೆ ತಲುಪಿಸಿದವನಿಗೇ ಹಕ್ಕು ಎಂದಿತು 1766ರ ತೀರ್ಪು. ಕಾನೂನು ಸರಿಯಿರಬಹುದು. ಆದರೂ ಕೈ ಸವೆಸಿ ಗಾಜು ಉಜ್ಜಿದ ಬಾಸ್ ಅಡಿಟಿಪ್ಪಣಿಯಾಗಿಯೇ ಉಳಿದ ಎಂಬ ಸಿಟ್ಟು ನನಗಿದೆ.

ಆ ಜೋಡಿ ಮಸೂರ ನಮ್ಮ ಸೀಮೆಗೂ ಬಂತು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಅಂಥದೇ ಟೆಲಿಸ್ಕೋಪಿಗೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಕಟ್ಟಿ, ಸೂರ್ಯನ ಅಂಚಿನ ಜ್ವಾಲೆಗಳು ಹೊಳೆಯುವ ಅನಿಲವೆಂದು ಕಂಡ. ಮಸೂರಕ್ಕೆ ಶತ್ರುವಾದ ಬಣ್ಣದ ಚದುರುವಿಕೆಯೇ ಅಲ್ಲಿ ಸಾಕ್ಷಿ ನುಡಿಯಿತು.

ಹಾಗಾದರೆ ಇಂದಿನ ನೇರಳೆ ಎಲ್ಲಿಯದು? ಜೋಡಿ ಮಸೂರ ಕೂಡಿಸುವುದು ಎರಡು ಬಣ್ಣಗಳನ್ನಷ್ಟೇ. ಮಿಕ್ಕ ನೇರಳೆ, ಕೊಳವೆ ಗಿಡ್ಡವಾದಷ್ಟೂ ಎದ್ದು ಕಾಣುತ್ತದೆ. ಮಾರುವವರಿಗೆ ಮಾತ್ರ ಗಿಡ್ಡ ಕೊಳವೆಯೇ ಇಷ್ಟ, ಡಬ್ಬಿ ಚಿಕ್ಕದು ನೋಡಿ!

ಡಬ್ಬಿಯ ಮೇಲೆ "ಎಷ್ಟು ಪಟ್ಟು" ಎಂದು ಬರೆದಿದ್ದನ್ನು ಬಿಟ್ಟು ನಾಭಿದೂರ, ಅಂದರೆ ಮಸೂರದಿಂದ ಬೆಳಕು ಕೂಡುವ ಜಾಗದವರೆಗಿನ ದೂರ, ಓದಿ. 70 ಮಿ.ಮೀ. ಮಸೂರಕ್ಕೆ 700 ಮಿ.ಮೀ. ಇದ್ದರೆ ಕೊಳ್ಳಿ, 300 ಇದ್ದರೆ ಬೇಡ. ಆಗಲೇ ಕೊಂಡಿದ್ದರೆ ರಟ್ಟಿನ ನಡುವೆ 40 ಮಿ.ಮೀ. ತೂತು ಕೊರೆದು ಮುಂದಿನ ಮಸೂರಕ್ಕೆ ಮುಚ್ಚಿ. ಬೆಳಕು ಇಳಿಯುತ್ತದೆ, ನೇರಳೆಯೂ ಇಳಿಯುತ್ತದೆ. ಚಿಂಚೋಳಿಯ ಕಾಡಂಚಿನ ಕತ್ತಲೆಗೆ ಒಯ್ದು ನೋಡಿ, ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ.