ಬೊಜ್ಜಿನ ಬೀಗದ ಕೈ

ಸ್ಥೂಲಕಾಯರನ್ನು ಕಂಡು ನಗುವುದು ಲೋಕರೂಢಿ. "ಬಾಯಿಗೆ ಬೀಗ ಹಾಕಿದರೆ ಮೈ ತಾನಾಗಿ ಇಳಿಯುತ್ತದೆ" ಎಂಬ ಉಪದೇಶವನ್ನು ಪಂಕ್ತಿಯಲ್ಲಿ ಕುಳಿತು ಕೇಳದವರು ಅವರಲ್ಲಿ ವಿರಳ. ಆದರೆ ಆ ಬೀಗದ ಕೈ ಇರುವುದು ತಲೆಬುರುಡೆಯೊಳಗೆ.

ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವೊಂದುಂಟು. 1940ರಲ್ಲಿ ಅಮೆರಿಕದ ಹೆದರಿಂಗ್‌ಟನ್ ಮತ್ತು ರ‍್ಯಾನ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಈ ಭಾಗವನ್ನು ಗಾಯಗೊಳಿಸಲು, ಅವು ವಿಪರೀತ ಕೊಬ್ಬಿದವು. 1951ರಲ್ಲಿ ಭಾರತೀಯರೇ ಆದ ಬಾಲ್ ಕೃಷನ್ ಆನಂದ್ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಬ್ರೋಬೆಕ್ ಅವರೊಡನೆ ಅದರ ಎರಡು ಪಕ್ಕಗಳನ್ನು ನಾಶಪಡಿಸಿ ನೋಡಿದರು. ಈ ಸಲ ಇಲಿಗಳು ಆಹಾರ ಎದುರಿಗಿದ್ದರೂ ಮುಟ್ಟದೆ ಉಪವಾಸ ಬಿದ್ದವು. ಹಸಿವು ತೃಪ್ತಿಗಳೆರಡಕ್ಕೂ ಮೆದುಳೇ ಸೂತ್ರಧಾರ ಎಂಬುದು ಹೀಗೆ ಸ್ಪಷ್ಟವಾಯಿತು.

ಈ ಸೂತ್ರಧಾರನಿಗೆ ವರದಿ ಒಪ್ಪಿಸುವುದು ಕೊಬ್ಬು. ನ್ಯೂಯಾರ್ಕಿನ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಕಂಡುಹಿಡಿದ ಜೀನಿನಿಂದ ಹುಟ್ಟುವ ಲೆಪ್ಟಿನ್ ಎಂಬ ರಸವೇ ಆ ದೂತ. ಆದರೆ ಬಹುಪಾಲು ಸ್ಥೂಲಕಾಯರಲ್ಲಿ ಲೆಪ್ಟಿನ್ ಹೇರಳವಾಗಿದ್ದರೂ ಮೆದುಳು ಅದರ ಮಾತಿಗೆ ಸರಿಯಾಗಿ ಕಿವಿಗೊಡದು.

ಇದೇಕೆ? 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಜಿಡ್ಡಿನ ಆಹಾರ ತಿಂದ ಇಲಿಗಳ ಹೈಪೋಥಲಾಮಸ್ಸಿನಲ್ಲಿ ಮೂರು ದಿನಗಳೊಳಗೆ, ಮೈ ಅಷ್ಟಾಗಿ ಬೆಳೆಯುವ ಮೊದಲೇ, ಉರಿಯೂತದ ಚಿಹ್ನೆಗಳು ಕಂಡುಬಂದವು. ಸ್ಥೂಲಕಾಯರ ಮೆದುಳಿನ ಚಿತ್ರಗಳಲ್ಲಿಯೂ ಅದೇ ಭಾಗದಲ್ಲಿ ಗಾಯದ ಕುರುಹುಗಳಿದ್ದವು.

2019ರಲ್ಲಿ ಬ್ರಿಟನ್ನಿನಿಂದ ಇನ್ನೊಂದು ವಾರ್ತೆ ಬಂದಿತು. ಸರಾಸರಿ 55 ವರ್ಷದ 9,652 ಜನರ ಮೆದುಳಿನ ಚಿತ್ರ ತೆಗೆದು ನೋಡಲಾಗಿ, ಹಿತಮಿತವಾದ ಮೈಯುಳ್ಳವರ ಮೆದುಳಿನ ಬೂದು ದ್ರವ್ಯ ಸರಾಸರಿ 798 ಘನ ಸೆಂಟಿಮೀಟರ್ ಇದ್ದಿತು. ತೂಕದೊಡನೆ ನಡುವಿನ ಸುತ್ತಳತೆಯೂ ಹೆಚ್ಚಿದವರಲ್ಲಿ ಅದು 786ಕ್ಕೆ ಇಳಿದಿದ್ದಿತು. ಅಂತರ ಅಲ್ಪವೇ. ಬೊಜ್ಜಿನಿಂದ ಮೆದುಳು ಕುಗ್ಗಿತೋ, ಮೆದುಳು ಹಾಗಿದ್ದುದರಿಂದ ಬೊಜ್ಜು ಬೆಳೆಯಿತೋ ಎಂಬುದನ್ನು ಒಮ್ಮೆ ತೆಗೆದ ಚಿತ್ರ ಹೇಳಲಾರದು. ಬುದ್ಧಿಶಕ್ತಿಯನ್ನು ಇದರಿಂದ ಅಳೆಯಹೊರಡುವುದಂತೂ ಅವಿವೇಕ.

ಆದರೂ ಗೃಹಸ್ಥರು ತಿಳಿಯಬೇಕಾದ ಮಾತೊಂದುಂಟು. ಕರಿದ ತಿಂಡಿಗಳಲ್ಲಿ ಮಿತಿ, ನಿತ್ಯದ ನಡಿಗೆ, ನಡುವಿನ ಸುತ್ತಳತೆಯ ಮೇಲೆ ಒಂದು ಕಣ್ಣು, ಇವು ಹೃದಯಕ್ಕೆ ಹಿತವಾದವು. ಪ್ರಾಯಶಃ ಮೆದುಳಿಗೂ ಹಿತವೇ. ಆದರೆ ಮನೆಯಲ್ಲಿ ದಪ್ಪಗಿರುವ ಮಗುವೊಂದಿದ್ದರೆ ಈ ಕ್ರಮವನ್ನು ಮನೆಮಂದಿಯೆಲ್ಲ ಕೂಡಿ ಆಚರಿಸುವುದು ಮೇಲು. ಎಲೆಯ ಮುಂದೆ ಕೂರಿಸಿ ಹೊಟ್ಟೆಬಾಕನೆಂದು ಹಂಗಿಸಿದರೆ, ಅದು ತಾನು ಆರಿಸಿಕೊಳ್ಳದ ಹಸಿವಿಗಾಗಿ ಅದನ್ನು ದಂಡಿಸಿದಂತಾಗುತ್ತದೆ.